ಅಗ್ಗದ ಧಾರಣೆ ಯಾರ ಹೆಗಲ ಮೇಲೆ?

ಮದೀನಾ ಪಟ್ಟಣದಲ್ಲಿ ಒಮ್ಮೆ ಧಾರಣೆ ಏರಿತು. ಜನರು ಪ್ರವಾದಿ ಮಹಮ್ಮದರ ಬಳಿಗೆ ಹೋಗಿ, ತಾವೇ ಒಂದು ದರವನ್ನು ಗೊತ್ತುಮಾಡಿ ಕೊಡಬೇಕೆಂದು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬೆಲೆಯ ಏರಿಳಿತ ದೇವರ ಕೈಯಲ್ಲಿದೆ, ಯಾರ ಸೊತ್ತಿಗೂ ಅನ್ಯಾಯ ಮಾಡಿದೆನೆಂಬ ದೂರನ್ನು ಹೊತ್ತು ದೇವರೆದುರು ನಿಲ್ಲಲು ತಮಗೆ ಇಷ್ಟವಿಲ್ಲ ಎಂದರೆಂದು ಹದೀಸುಗಳಲ್ಲಿದೆ. ರೈತ ಬಂಧುಗಳು ಈ ಮಾತನ್ನು ಲಕ್ಷ್ಯವಿಟ್ಟು ನೋಡಬೇಕು. ಕೊಳ್ಳುವವನಿಗಾಗಿ ಮರುಗುವ ಭರದಲ್ಲಿ ಮಾರುವವನ ಗಂಟಿಗೆ ಕೈಹಾಕಬಾರದೆಂಬ ಎಚ್ಚರ ಅದರಲ್ಲಿದೆ.

ಹಾಗೆಂದು ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆಂದಲ್ಲ. ಬೆಲೆ ಏರಲೆಂದು ಕಾಳನ್ನು ಬಚ್ಚಿಡುವುದನ್ನು ಪಾಪವೆಂದರು. ಸಂತೆಯ ಧಾರಣೆ ತಿಳಿಯದೆ ಬರುವವರ ಸರಕನ್ನು ಊರ ಹೊರಗೇ ಅಡ್ಡಗಟ್ಟಿ ಕೊಳ್ಳುವುದನ್ನೂ ನಿಷೇಧಿಸಿದರು. ಗಾಡಿ ಪೇಟೆ ಮುಟ್ಟುವ ಮೊದಲೇ ದಾರಿಯಲ್ಲಿ ಎದುರಾಗುವ ದಲಾಲನನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ! ಮುಂದೆ ತೂಕ, ಅಳತೆ, ಕಲಬೆರಕೆಗಳ ಮೇಲೆ ಕಣ್ಣಿಡಲು ಊರೂರಿಗೆ ಮುಹತಸಿಬನೆಂಬ ಅಧಿಕಾರಿ ಬಂದನು. ಆ ಕೆಲಸಕ್ಕೆ ಹಿಸ್ಬಾ ಎಂದು ಹೆಸರು. ಅದನ್ನು ಕುರಿತು ಬರೆದ ಇಬ್ನ್ ತೈಮಿಯಾ (1263-1328) ಸಮಸ್ಯೆಯನ್ನು ಬಿಡಿಸಿ ಇಟ್ಟನು: ಸರಕು ಕಡಿಮೆಯಾಗಿಯೋ ಜನ ಹೆಚ್ಚಿಯೋ ಬೆಲೆ ಏರಿದರೆ ದರ ಕಟ್ಟುವುದು ಅನ್ಯಾಯ, ವರ್ತಕರು ಬಚ್ಚಿಟ್ಟು, ಒಳಗೊಳಗೇ ಒಂದಾಗಿ ಏರಿಸಿದರೆ ದರ ಕಟ್ಟುವುದೇ ನ್ಯಾಯ.

ದಿಲ್ಲಿಯ ಅಲ್ಲಾವುದ್ದೀನ ಖಿಲಜಿ (1296-1316) ಮಣ ಗೋದಿಗೆ 7½ ಜೀತಲ್ ಎಂದು ಕಟ್ಟಿದನು, ಧಾರಣೆ ನಿಂತಿತು. ಆದರೆ ಗಂಗಾ-ಯಮುನಾ ದೋಆಬದ ರೈತನಿಂದ ಬೆಳೆಯ ಅರ್ಧವನ್ನು ಕಂದಾಯವಾಗಿ ಎತ್ತಿ ಸರಕಾರಿ ಕಣಜ ತುಂಬಿದ್ದರಿಂದ ಅದು ನಿಂತಿತು. ಅವನು ಸತ್ತ ಮೇಲೆ ಆ ಏರ್ಪಾಡೂ ಉಳಿಯಲಿಲ್ಲ.

ಇಂದು ಇಂಡೋನೇಷ್ಯಾದಲ್ಲಿ ಪ್ರಾಂತ, ಜಿಲ್ಲೆ, ನಗರಗಳಲ್ಲಿ ಬೆಲೆಯೇರಿಕೆ ತಡೆಯುವ ಸಮಿತಿಗಳಿವೆ. 2017ರ ಅಧ್ಯಕ್ಷೀಯ ಆಜ್ಞೆ ಅವುಗಳಿಗೆ ರಾಷ್ಟ್ರಮಟ್ಟದ ಕಟ್ಟು ಕೊಟ್ಟಿತು. ಅಕ್ಕಿ, ಮೆಣಸಿನಕಾಯಿ, ಸಣ್ಣ ಉಳ್ಳಾಗಡ್ಡಿಗಳ ಧಾರಣೆ ನೋಡುವುದು, ಅಗ್ಗದ ಸಂತೆ ನಡೆಸುವುದು, ಹೆಚ್ಚು ಬೆಳೆದ ಕಡೆಯಿಂದ ಕೊರತೆಯ ಕಡೆಗೆ ಸರಕು ಸಾಗಿಸುವ ವೆಚ್ಚ ತುಂಬಿಕೊಡುವುದು ಅವುಗಳ ಕೆಲಸ. ಅಲ್ಲಿಯ ಇಸ್ಲಾಮೀ ಅರ್ಥಶಾಸ್ತ್ರದ ಅಭ್ಯಾಸಿಗಳು ಇದನ್ನು ಹಿಸ್ಬಾದ ಒರೆಗೆ ಹಚ್ಚಿ ನೋಡುತ್ತಾರೆ.

ನನ್ನ ಮಟ್ಟಿಗೆ, ಸಾಗಣೆಯ ವೆಚ್ಚ ಬೊಕ್ಕಸ ಹೊರುವುದು ಒಳ್ಳೆಯದು. ಅದರಲ್ಲಿ ಯಾರ ಗಂಟೂ ಹೋಗುವುದಿಲ್ಲ. ಆದರೆ ಧಾರಣೆ ಇಳಿಯಿತೆಂಬುದೊಂದನ್ನೇ ಗೆಲುವೆಂದು ಎಣಿಸಿದರೆ, ಸುಗ್ಗಿಯಲ್ಲಿ ಬೆಳೆದವನ ಕೈ ಬರಿದಾದದ್ದೂ ಗೆಲುವಿನ ಲೆಕ್ಕಕ್ಕೇ ಸೇರುತ್ತದೆ. 2023ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರ ಉಳ್ಳಾಗಡ್ಡಿಯ ರಫ್ತು ನಿಲ್ಲಿಸಿದಾಗ ಸೊಲ್ಲಾಪುರದ ಪೇಟೆಗೆ ಚೀಲ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಏರಿದಾಗ ಸೇರುವ ಸಮಿತಿ, ಅದು ಕುಸಿದು ಹೊಲದಲ್ಲೇ ಕೊಳೆಯುವಾಗಲೂ ಸೇರಬೇಕು, ಖರೀದಿಗೆ ಹಣ ಎತ್ತಿಡಬೇಕು.