ಮಲ್ಪೆಯ ಕಲ್ಲು, ಐರ್ಲೆಂಡಿನ ಗೈಡು

ಮಗ ಡಬ್ಲಿನ್‌ನಲ್ಲಿ, ಅಪ್ಪ-ಅಮ್ಮ ಯಲಹಂಕ ಉಪನಗರದಲ್ಲಿ. ಇಂಥ ಮನೆಗಳು ಈಗ ಉತ್ತರ ಬೆಂಗಳೂರಿನಲ್ಲಿ ಬೀದಿಗೊಂದಾದರೂ ಸಿಗುತ್ತವೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲಂತೂ ಯಲಹಂಕದವರಿಗೆ ಮೆಜೆಸ್ಟಿಕ್ಕಿಗಿಂತ ವಿದೇಶವೇ ಹತ್ತಿರ ಎಂಬ ತಮಾಷೆ ಹುಟ್ಟಿಕೊಂಡಿದೆ. ಬೇಸಿಗೆಯಲ್ಲಿ ಮಗನ ಮನೆಗೆ ಹೋದ ಹಿರಿಯರನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿಡಲು ಮಗನಿಗೆ ಮನಸ್ಸು ಬಾರದು. ಒಂದು ದಿನದ ಮಟ್ಟಿಗೆ ಗೈಡನ್ನು ಗೊತ್ತುಮಾಡಿ, ಅವನದೇ ಕಾರಿನಲ್ಲಿ ಕಡಲತೀರ ತೋರಿಸಿಕೊಂಡು ಬರುವ ಏರ್ಪಾಡು ಮಾಡುತ್ತಾನೆ. ಗೈಡಿನ ದಿನಗೂಲಿ ಕೆಲವು ನೂರು ಯೂರೋ. ಅದನ್ನು ರೂಪಾಯಿಗೆ ಗುಣಿಸಿದ ತಾಯಿಯ ಮಾತು ಹೀಗಿರುತ್ತದೆ:

‘ಈ ದುಡ್ಡಿನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು ಎಲ್ಲ ಮುಗಿಸಿಕೊಂಡು ಬರಬಹುದಿತ್ತಲ್ಲೋ!’

‘ಅಮ್ಮಾ, ದುಡ್ಡು ಕಾರಿಗಲ್ಲ, ಜೊತೆಗೆ ಬರೋರಿಗೆ.’

ಈ ಉತ್ತರ ತಾಯಿಗೆ ಒಪ್ಪಿಗೆಯಾಗುವುದಿಲ್ಲ. ದಾರಿ ತೋರಿಸಲು ಡ್ರೈವರ್ ಸಾಲದೆ? ಕಣ್ಣೆದುರಿಗೆ ಕಡಲಿದೆ, ಅದನ್ನು ತೋರಿಸಲು ಇನ್ನೊಬ್ಬರೇಕೆ? ಪ್ರಶ್ನೆ ನ್ಯಾಯವಾದುದೇ. ನಮ್ಮ ಪ್ರವಾಸಗಳೆಲ್ಲ ನಡೆಯುವುದು ಈ ಲೆಕ್ಕಾಚಾರದ ಮೇಲೆಯೇ ಆದ್ದರಿಂದ ಇದನ್ನು ಸ್ವಲ್ಪ ವಿಚಾರಿಸಿ ನೋಡಬಹುದು.

ಐರ್ಲೆಂಡಿಗೆ ಹೋದವರು ಒಂದೇ ದಿನದಲ್ಲಿ ನೋಡಿಬರುವ ಕರಾವಳಿಗಳಲ್ಲಿ ಮುಖ್ಯವಾದವು ಎರಡು. ಪಶ್ಚಿಮದಲ್ಲಿ ಮೋಹರ್ ಕಡಿಬಂಡೆಗಳು. ಅಟ್ಲಾಂಟಿಕ್ ಸಾಗರದ ನೆತ್ತಿಯ ಮೇಲೆ 214 ಮೀಟರಿನವರೆಗೆ ನೆಟ್ಟಗೆ ನಿಂತ ಗೋಡೆ. ಉತ್ತರದಲ್ಲಿ ಆಂಟ್ರಿಮ್ ತೀರದ ‘ಜಯಂಟ್ಸ್ ಕಾಸ್‌ವೇ’, ಅಂದರೆ ದೈತ್ಯನ ಕಾಲುದಾರಿ. ಎರಡನೆಯದಕ್ಕೆ ಹೊರಡುವ ನಮ್ಮವರಿಗೆ ಒಂದು ತೊಡಕಿದೆ. ಅದು ಇರುವುದು ಉತ್ತರ ಐರ್ಲೆಂಡಿನಲ್ಲಿ. ಉತ್ತರ ಐರ್ಲೆಂಡ್ ಯುನೈಟೆಡ್ ಕಿಂಗ್‌ಡಮ್ಮಿಗೆ ಸೇರಿದ್ದು. ಡಬ್ಲಿನ್ನಿನಿಂದ ಕಾರಿನಲ್ಲಿ ಹೋದರೆ ಗಡಿಯಲ್ಲಿ ಗೇಟಿಲ್ಲ, ಪಾಸ್‌ಪೋರ್ಟ್ ಕೇಳುವ ಠಾಣೆಯಿಲ್ಲ. ರಸ್ತೆಯ ಫಲಕಗಳಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಿತೆಂದರೆ ದೇಶ ಬದಲಾಯಿತು ಎಂದು ತಿಳಿಯಬೇಕು, ಅಷ್ಟೆ. ಹಾಗೆಂದು ವೀಸಾ ಬೇಡವೆಂದಲ್ಲ. 2015ರಿಂದ ಭಾರತೀಯ ಪ್ರವಾಸಿಗಳಿಗೆ ಎರಡೂ ದೇಶಗಳು ಒಪ್ಪುವ ಒಂದು ವ್ಯವಸ್ಥೆ ಇದೆ. ವೀಸಾದ ಮೇಲೆ ‘ಬಿ.ಐ.ವಿ.ಎಸ್.’ ಎಂಬ ನಾಲ್ಕಕ್ಷರ ಇದ್ದರೆ ಮಾತ್ರ ಅದರ ಪ್ರಯೋಜನ. ಅಕ್ಷರಗಳಿಲ್ಲದವರು ಪಶ್ಚಿಮಕ್ಕೆ ಹೋಗುವುದೇ ಕ್ಷೇಮ. ಪ್ರವಾಸ ಗೊತ್ತುಮಾಡುವ ಮೊದಲು ಪಾಸ್‌ಪೋರ್ಟ್ ತೆರೆದು ನೋಡಬೇಕಾದ ಸಂಗತಿ ಇದು.

ಇನ್ನು ಆ ಕಾಲುದಾರಿಯ ವಿಷಯ. ಕಡಲಂಚಿನಲ್ಲಿ ಸುಮಾರು 40,000 ಕಲ್ಲಿನ ಕಂಬಗಳು, ಒಂದಕ್ಕೊಂದು ಅಂಟಿಕೊಂಡು, ಜೇನುಹುಟ್ಟನ್ನು ಕಲ್ಲಿನಲ್ಲಿ ಕಡೆದಂತೆ ನಿಂತಿವೆ. ಹೆಚ್ಚಿನವಕ್ಕೆ ಆರು ಮುಖ; ಐದು, ಏಳು ಇರುವವೂ ಉಂಟು. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ದೈತ್ಯನೊಡನೆ ಕಾದಾಡಲು ಸಮುದ್ರಕ್ಕೆ ಸೇತುವೆ ಕಟ್ಟಿದನೆಂದು ಅಲ್ಲಿಯ ಕಥೆ. ಎದುರಾಳಿ ತನಗಿಂತ ದೊಡ್ಡವನೆಂದು ಗೊತ್ತಾದಾಗ ಫಿನ್ನನ ಹೆಂಡತಿ ಗಂಡನಿಗೆ ಮಗುವಿನ ಬಟ್ಟೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದಳು. ಮಗುವೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕೆಂದು ಬೆದರಿ, ಬಂದವನು ಸೇತುವೆ ಕಿತ್ತುಹಾಕುತ್ತಾ ಓಡಿದ. ಸಮುದ್ರಕ್ಕೆ ಸೇತುವೆ ಕಟ್ಟಿದ ಕಥೆ ಕೇಳಿಯೇ ಬೆಳೆದ ನಮ್ಮ ಹಿರಿಯರಿಗೆ ಇದು ತಕ್ಷಣ ಹಿಡಿಸುತ್ತದೆ. ಒಳ್ಳೆಯ ಗೈಡು ಮೊದಲು ಈ ಕಥೆ ಹೇಳಿ ನಗಿಸಿ, ಆಮೇಲೆ ನಿಜ ಸಂಗತಿಗೆ ಬರುತ್ತಾನೆ.

ನಿಜ ಸಂಗತಿಯೂ ಕಥೆಗೇನೂ ಕಡಿಮೆಯಿಲ್ಲ. ಐದಾರು ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಉಕ್ಕಿ ಹರಿದು ನಿಂತಿತು. ಬಿಸಿ ವಸ್ತು ತಣಿದಾಗ ಕುಗ್ಗುತ್ತದೆ. ಹರಡಿ ನಿಂತ ಲಾವಾ ಒಟ್ಟಾರೆ ಪಕ್ಕಕ್ಕೆ ಸರಿದು ಕುಗ್ಗಲಾರದು, ಆದ್ದರಿಂದ ಬಿರಿಯುತ್ತದೆ. ಯಲಹಂಕದ ಸುತ್ತಿನ ಕೆರೆಗಳ ಅಂಚಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡದ ಮಕ್ಕಳಿಲ್ಲ. ಅಲ್ಲಿ ಒಂದು ಬಿರುಕು ಇನ್ನೊಂದನ್ನು ಮೊದಲು ಸೇರುವುದು ಸಾಮಾನ್ಯವಾಗಿ ನೇರ ಕೋನದಲ್ಲಿ. ಲಾವಾದಲ್ಲಾದರೋ ತಣಿಯುವಿಕೆ ಮೇಲಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ಇಳಿಯುತ್ತದೆ, ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಮೂರು ಬಿರುಕುಗಳು 120 ಡಿಗ್ರಿಯ ಕೋನದಲ್ಲಿ ಕೂಡಿಕೊಳ್ಳುವಂತೆ ತಿದ್ದಿಕೊಳ್ಳುತ್ತವೆ. ಸುತ್ತಲೂ 120 ಡಿಗ್ರಿ ಎಂದರೆ ಆರು ಮುಖದ ಕಂಬ. ನಿಧಾನವಾಗಿ ತಣಿದಷ್ಟೂ ಕಂಬ ದಪ್ಪ.

ಇದನ್ನು ನೋಡಲು ಐರ್ಲೆಂಡಿಗೇ ಹೋಗಬೇಕಿಲ್ಲ. ಅಡುಗೆಮನೆಯ ಕಾರ್ನ್‌ಫ್ಲೋರನ್ನು ಅಷ್ಟೇ ನೀರಿನಲ್ಲಿ ಕದಡಿ, ಗಾಜಿನ ಬಟ್ಟಲಿನಲ್ಲಿ ಎರಡು ಬೆರಳು ದಪ್ಪಕ್ಕೆ ಸುರಿದು, ಮೇಲೊಂದು ಬಲ್ಬು ಉರಿಸಿ ಕೆಲವು ದಿನ ಒಣಗಿಸಿ ಮುರಿದರೆ, ಒಳಗೆ ಕಡ್ಡಿಯಂಥ ಪುಟ್ಟ ಕಂಬಗಳು ಸಾಲಾಗಿ ನಿಂತಿರುತ್ತವೆ. ಇಲ್ಲಿ ಶಾಖದ ಬದಲು ನೀರು ಹೊರಟುಹೋಗುತ್ತದೆ. ಕುಗ್ಗುವ ಲೆಕ್ಕ ಒಂದೇ. ಹೈಸ್ಕೂಲಿನ ವಿಜ್ಞಾನ ಪ್ರದರ್ಶನಗಳಲ್ಲಿ ವರ್ಷ ವರ್ಷವೂ ಅದೇ ಜ್ವಾಲಾಮುಖಿಯ ಮಣ್ಣಿನ ಗುಡ್ಡ ಇಡುವ ಬದಲು ಇದನ್ನಿಡಬಹುದು.

ಅಡುಗೆಮನೆ ಬಿಟ್ಟರೆ ಇಂಥ ಕಂಬಗಳು ನಮ್ಮದೇ ನಾಡಿನ ಮಲ್ಪೆಯಲ್ಲಿವೆ. ಉಡುಪಿಯ ಪಕ್ಕದ ಮಲ್ಪೆ ಬಂದರಿನಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪ, ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ; ನಮ್ಮ ಲಾಲ್‌ಬಾಗಿನ ಬಂಡೆಗೂ ಅದೇ ಪಟ್ಟ. ಇಲ್ಲಿಯ ಕಂಬಗಳನ್ನು ರೂಢಿಯಲ್ಲಿ ಬಸಾಲ್ಟ್ ಎನ್ನುತ್ತಾರೆ. ಆದರೆ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ವಯಸ್ಸು ಸುಮಾರು ಒಂಬತ್ತು ಕೋಟಿ ವರ್ಷ. ಐರ್ಲೆಂಡಿನ ಕಂಬಗಳಿಗಿಂತ ಹಳೆಯದು, ಮಹಾರಾಷ್ಟ್ರವನ್ನು ಹೊದಿಸಿರುವ ದಖ್ಖನ್ ಲಾವಾಕ್ಕಿಂತಲೂ ಹಳೆಯದು. ಮಡಗಾಸ್ಕರ್ ಭಾರತದ ಪಕ್ಕ ಬಿಟ್ಟು ಬೇರೆಯಾದ ಕಾಲ ಅದು. ಎರಡು ನೆಲಗಳು ಸೀಳಿದಾಗ ಉಕ್ಕಿದ ಲಾವಾದ ತುಣುಕೊಂದರ ಮೇಲೆ ಮಲ್ಪೆಯಲ್ಲಿ ಜನ ಕುಳಿತು ಚುರುಮುರಿ ತಿನ್ನುತ್ತಾರೆ.

ತಿನ್ನಲಿ, ತಪ್ಪೇನಿಲ್ಲ. ಆದರೆ ಇದನ್ನು ಅವರಿಗೆ ಹೇಳುವವರು ಯಾರು? ಯಶವಂತಪುರದಲ್ಲಿ ಕಾರವಾರದ ರಾತ್ರಿ ರೈಲು ಹತ್ತಿದವರು ಬೆಳಗಿನ ಜಾವ ಉಡುಪಿಯಲ್ಲಿ ಇಳಿಯುತ್ತಾರೆ. ಸ್ನಾನ, ಕೃಷ್ಣಮಠದ ದರ್ಶನ, ಊಟ, ಆಮೇಲೆ ದಿನದ ಬಾಡಿಗೆಯ ಕಾರು. ಡ್ರೈವರ್ ಒಳ್ಳೆಯವನೇ, ಯಾವ ಹೋಟೆಲಿನಲ್ಲಿ ಗೋಳಿಬಜೆ ಚೆನ್ನಾಗಿರುತ್ತದೆಂದು ಬಲ್ಲವನೇ. ಮಲ್ಪೆಯಲ್ಲಿ ಕಾರು ನಿಲ್ಲಿಸಿ ‘ನೀವು ನೋಡಿಕೊಂಡು ಬನ್ನಿ ಸಾರ್’ ಎಂದು ಸೀಟು ಹಿಂದಕ್ಕೆ ಬಾಗಿಸಿ ಮಲಗುತ್ತಾನೆ. ಬೇಲೂರು, ಹಳೇಬೀಡು, ಹಂಪಿಗಳಲ್ಲಿ ಪರವಾನಗಿ ಪಡೆದ ಗೈಡುಗಳು ಕಾದಿರುತ್ತಾರೆ. ಶಿಲ್ಪಕ್ಕೆ ವಿವರಣೆ ಬೇಕೆಂದು ನಮಗೆ ಗೊತ್ತು. ಕಡಲಿಗೆ ವಿವರಣೆ ಬೇಕೆಂದು ನಮಗೆ ತೋರುವುದೇ ಇಲ್ಲ.

ಐರ್ಲೆಂಡಿನಲ್ಲಿ ಗೈಡಿನ ಕೆಲಸ ಕಥೆಯಲ್ಲಿ ಮುಗಿಯುವುದಿಲ್ಲ. ತರಬೇತಿ ಪಡೆದು ಪರೀಕ್ಷೆ ಮುಗಿಸಿ ಬಿಲ್ಲೆ ಧರಿಸಿದವನು ಬೆಳಿಗ್ಗೆ ಹೊರಡುವ ಮುಂಚೆ ಗಾಳಿಯ ಮುನ್ಸೂಚನೆ ನೋಡುತ್ತಾನೆ, ಉಬ್ಬರ ಎಷ್ಟು ಹೊತ್ತಿಗೆಂದು ನೋಡುತ್ತಾನೆ. ಗಾಳಿ ಜೋರಿದ್ದರೆ ಮೋಹರಿನ ಅಂಚಿಗೆ ಹೋಗಗೊಡುವುದಿಲ್ಲ. ಒದ್ದೆಯಾಗಿ ಕಪ್ಪಗೆ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ ಎನ್ನುತ್ತಾನೆ. ಯೂರೋ ಕೊಟ್ಟದ್ದರಲ್ಲಿ ಅರ್ಧ ಈ ‘ಬೇಡ’ಗಳಿಗೆ.

ನಮ್ಮಲ್ಲಿ ಈ ‘ಬೇಡ’ ಹೇಳುವವರಿಲ್ಲದೆ ಏನಾಗುತ್ತದೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2022ರ ಏಪ್ರಿಲ್‌ನಲ್ಲಿ ಇದೇ ಸೇಂಟ್ ಮೇರೀಸ್ ದ್ವೀಪಕ್ಕೆ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಸಮುದ್ರದ ಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಮುಳುಗಿದರು. ಜೊತೆಗೆ ಹೋಗಿದ್ದ ಶಿಕ್ಷಕರ ಮೇಲೆ ಪ್ರಕರಣ ದಾಖಲಾಯಿತು. ಕೋಲಾರದ ಬಯಲಿನ ಮಕ್ಕಳು, ಕಡಲನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಕಂಡವರು. ಹೆಬ್ಬಾಳ, ಯಲಹಂಕದ ಶಾಲೆಗಳಿಂದ ಡಿಸೆಂಬರಿನಲ್ಲಿ ಬಸ್ಸು ಹತ್ತುವ ಮಕ್ಕಳೂ ಬೇರೆಯಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಬೆಳೆದ ಅವರಿಗೆ ನೀರೆಂದರೆ ಕೆರೆ. ಕೆರೆಯಲ್ಲಿ ಅಲೆಯಿಲ್ಲದ ಜಾಗ ಕ್ಷೇಮದ ಜಾಗ.

ಕಡಲಿನಲ್ಲಿ ಲೆಕ್ಕ ತಿರುವುಮುರುವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ವಾಪಸು ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವೆ ತಗ್ಗಾದ ಓಣಿಯೊಂದನ್ನು ಹುಡುಕಿಕೊಂಡು ಅದರಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಓಣಿಯಲ್ಲಿ ನೀರು ಆಳ. ಆಳವಿರುವಲ್ಲಿ ಅಲೆ ಒಡೆದು ನೊರೆಯಾಗುವುದು ಕಡಿಮೆ. ದಡದಲ್ಲಿ ನಿಂತ ಮಗುವಿಗೆ ಎಡಕ್ಕೂ ಬಲಕ್ಕೂ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ. ಹೆದರಿದ ಮಗು ಆರಿಸಿಕೊಳ್ಳುವುದು ಆ ಶಾಂತ ಪಟ್ಟಿಯನ್ನೇ. ಅಲ್ಲಿಯ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿನಷ್ಟು. ನುರಿತ ಈಜುಗಾರನೂ ಅದರ ಎದುರಿಗೆ ಈಜಿ ದಡ ಸೇರಲಾರ. ಸಿಕ್ಕಿಕೊಂಡವನು ದಡಕ್ಕೆ ನೇರವಾಗಿ ಈಜದೆ, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಓಣಿ ಅಗಲವಾಗಿರುವುದಿಲ್ಲ, ಪಕ್ಕಕ್ಕೆ ಸರಿದರೆ ಹೊರಗೆ ಬರಬಹುದು. ಈ ಮಾತನ್ನು ನೀರಿಗಿಳಿದ ಮೇಲೆ ಕಲಿಸಲಾಗದು. ಸೆಳೆತದ ಪಟ್ಟಿಯನ್ನು ದಡದಿಂದಲೇ ಗುರುತಿಸಿ ‘ಅಗೋ ನೋಡಿ’ ಎಂದು ತೋರಿಸುವವರೊಬ್ಬರು ಜೊತೆಗಿರಬೇಕು.

ಅಂಥವರು ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಪಡುಬಿದ್ರಿ ಮತ್ತು ಹೊನ್ನಾವರ ಬಳಿಯ ಕಾಸರಕೋಡು ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಐರ್ಲೆಂಡಿನ ತೀರಗಳು ಪಡೆಯುವುದೂ ಇದೇ ನೀಲಿ ಬಾವುಟವನ್ನೇ. ಜೀವರಕ್ಷಣೆಯ ವ್ಯವಸ್ಥೆಯಿಲ್ಲದೆ ಆ ಬಾವುಟ ಸಿಗುವುದಿಲ್ಲ. ಇನ್ನು ಮಲ್ಪೆಯ ಮೀನುಗಾರರಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚೆಂದು ಅವರಿಗೆ ಪಂಚಾಂಗ ನೋಡದೆಯೇ ಗೊತ್ತು. ನಿನ್ನೆ ಹತ್ತಕ್ಕೆ ಬಂದ ಉಬ್ಬರ ಇವತ್ತು ಹತ್ತೂ ಮುಕ್ಕಾಲರ ಸುಮಾರಿಗೆ ಬರುತ್ತದೆಂದು ಗೊತ್ತು. ಈ ತಿಳಿವಳಿಕೆಗೆ ಒಂದಿಷ್ಟು ಭೂವಿಜ್ಞಾನ, ಒಂದಿಷ್ಟು ಪ್ರಥಮ ಚಿಕಿತ್ಸೆ ಸೇರಿಸಿ, ಬಿಲ್ಲೆ ಕೊಟ್ಟು, ದಿನಕ್ಕಿಷ್ಟೆಂದು ಸಂಭಾವನೆ ಗೊತ್ತುಮಾಡಿದರೆ ಐರ್ಲೆಂಡಿನವನಿಗೆ ಸರಿಸಾಟಿಯಾದ ಗೈಡು ಮಲ್ಪೆಯಲ್ಲೇ ಸಿದ್ಧ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುತ್ತದೆ. ಕೈ ಖಾಲಿಯಿರುವ ಆ 61 ದಿನಗಳು ಇಂಥ ತರಬೇತಿಗೆ ಹೇಳಿಮಾಡಿಸಿದಂತಿವೆ. ಪ್ರವಾಸೋದ್ಯಮದ ಹೆಸರಿನಲ್ಲಿ ಕಮಾನು ಕಟ್ಟಿಸಿ ದೀಪ ಹಾಕಿಸುವುದಕ್ಕಿಂತ ಇದರ ಖರ್ಚು ಹೆಚ್ಚೇನೂ ಆಗಲಾರದು.

ಅಲ್ಲಿಯವರೆಗೆ ಶಾಲೆಯ ಪ್ರವಾಸಕ್ಕೆ ಹೊರಡುವವರು ತಮ್ಮ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿಕೊಳ್ಳಬಹುದು. ಬಸ್ಸು, ಊಟ, ವಸತಿ ಎಂದು ತಲೆಗಿಷ್ಟು ಹಾಕುವಾಗ, ಆ ತೀರದಲ್ಲೇ ಹುಟ್ಟಿ ಬೆಳೆದ ಈಜು ಬಲ್ಲ ಇಬ್ಬರಿಗೆ ಒಂದು ದಿನದ ಸಂಭಾವನೆ. ಐವತ್ತು ಮಕ್ಕಳ ಮೇಲೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಮಸಾಲೆದೋಸೆಯ ಬೆಲೆಯಷ್ಟೂ ಇರದು. ಬಸ್ಸು ಮಲ್ಪೆ ತಲುಪಿದಾಗ ಅವರಿಬ್ಬರು ಮೊದಲು ಇಳಿಯಬೇಕು. ಅವರು ನೀರು ನೋಡಿ ಹೂಂ ಎಂದ ಮೇಲೆ ಮಕ್ಕಳು.