ಸಣ್ಣ ಗಾಲಿ, ಅಗಲವಾದ ಟೈರು

ಸೈಕಲ್ಲಿನ ಟೈರು ಕೊಳ್ಳುವುದು ಒಂದು ಕಾಲದಲ್ಲಿ ಯೋಚನೆಯನ್ನೇ ಬೇಡದ ಕೆಲಸವಾಗಿದ್ದಿತು. ಹಾಲಿನವನದೂ ಅಂಚೆಯವನದೂ ಶಾಲೆಯ ಮೇಷ್ಟರದೂ ಒಂದೇ ಬಗೆಯ ಕರಿಯ ಸೈಕಲ್ಲು. ಯಾವ ಊರಿನ ಅಂಗಡಿಯ ಮುಂದೆ ನಿಂತು "ಇಪ್ಪತ್ತೆಂಟು, ಒಂದೂವರೆ" ಎಂದರೂ ಅಂಗಡಿಯವನು ತಲೆಯೆತ್ತದೆ ಗೂಟದಿಂದ ಟೈರನ್ನು ಇಳಿಸಿಕೊಡುತ್ತಿದ್ದನು. ಈಗಿನ ಸೈಕಲ್ಲುಗಳ ವಿಷಯ ಹಾಗಲ್ಲ. ಗಾಲಿಯ ಅಳತೆಗಳೇ ಹತ್ತಾರು. ಬ್ರೇಕುಗಳು ರಿಮ್ಮನ್ನು ಬಿಟ್ಟು ನಡುವಿನ ತಟ್ಟೆಯನ್ನು ಹಿಡಿದುಕೊಂಡಿವೆ. ಇದರಿಂದ ತೊಡಕು ಹೆಚ್ಚಿತೆಂದು ನಾವೂ ಗೊಣಗುತ್ತಿದ್ದೆವು. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯಿಂದ, ಈ ತಟ್ಟೆಯ ಬ್ರೇಕು ಒಂದು ಅನುಕೂಲಕ್ಕೂ ದಾರಿ ತೆರೆದಿದೆಯೆಂಬುದು ತಿಳಿದುಬಂದಿತು. ಅದನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ತಮ್ಮನ ಮಗನು ಮೈಸೂರಿನಲ್ಲಿ ಉದ್ಯೋಗದಲ್ಲಿರುವನು. ಮನೆಯಿಂದ ಕಚೇರಿಗೆ 11 ಕಿಲೋಮೀಟರು. ಹೋಗುವುದೂ ಬರುವುದೂ ಸೈಕಲ್ಲಿನ ಮೇಲೆಯೇ. ತನ್ನ ಮೊದಲ ಸಂಬಳದಲ್ಲಿ ಕೂಡಿಟ್ಟು ಕೊಂಡ ಸೈಕಲ್ಲು ಅದು. ಅಲ್ಯುಮಿನಿಯಮ್ಮಿನ ಚೌಕಟ್ಟು, ಎರಡು ಗಾಲಿಗಳಿಗೂ ಡಿಸ್ಕ್ ಬ್ರೇಕು, 28 ಮಿಲಿಮೀಟರು ಅಗಲದ ತೆಳುವಾದ ಟೈರುಗಳು. ಒಂದು ಸಂಜೆ, ಟಾರಿನ ಅಂಚು ಕಿತ್ತುಹೋಗಿದ್ದ ಕಡೆ, ನೀರು ತುಂಬಿ ಕಾಣದಿದ್ದ ಕುಳಿಯೊಳಗೆ ಮುಂದಿನ ಗಾಲಿ ಇಳಿದು ಹುಡುಗನು ಬಿದ್ದನು. ಬಲಗೈಯ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತು. ಆರು ವಾರ ಕಟ್ಟು ಹಾಕಿಸಿಕೊಂಡು, ಅದನ್ನು ಬಿಚ್ಚಿದ ಮೇಲೆಯೂ ಸ್ವಲ್ಪ ಅದುರಿದರೆ ನೋಯುವುದೆನ್ನುತ್ತಿದ್ದನು. ಸೈಕಲ್ಲು ಮನೆಯಲ್ಲಿರಲೇ ಕೂಡದೆಂದು ಅವನ ತಾಯಿ ಹಟ ಹಿಡಿದರು.

"ದೊಡ್ಡಪ್ಪ, ಮಾರಿದರೆ ಕೊಂಡ ಬೆಲೆಯಲ್ಲಿ ಅರ್ಧವೂ ಬರುವುದಿಲ್ಲ. ದಪ್ಪ ಟೈರು ಹಾಕಿಸಿದರೆ ಆಗದೆ?" ಎಂದು ಅವನು ನಮ್ಮನ್ನು ಕೇಳಿದನು.

ದಪ್ಪ ಟೈರನ್ನು ಹಾಗೆಯೇ ಹಾಕಿಬಿಡುವಂತಿಲ್ಲ. ಅದಕ್ಕೆ ಕಾರಣವನ್ನು ಹೇಳುವ ಮುನ್ನ ಗಾಲಿಗಳ ಹೆಸರುಗಳ ಗೊಂದಲವನ್ನು ಸ್ವಲ್ಪ ಬಿಡಿಸಬೇಕು. ಹುಡುಗನ ಸೈಕಲ್ಲಿನ ಗಾಲಿಗೆ '700 ಸಿ' ಎಂದು ಹೆಸರು. ಇದು ಫ್ರಾನ್ಸಿನವರು ಇಟ್ಟ ಹೆಸರು. ಟೈರು ಸಹಿತವಾಗಿ ಗಾಲಿಯ ಹೊರವ್ಯಾಸ ಸುಮಾರು 700 ಮಿಲಿಮೀಟರು ಎಂಬುದು ಅಂಕಿಯ ಅರ್ಥ. ಎ, ಬಿ, ಸಿ ಎಂಬ ಅಕ್ಷರಗಳು ಟೈರಿನ ದಪ್ಪವನ್ನು ಸೂಚಿಸುತ್ತಿದ್ದುವು. ಹೊರವ್ಯಾಸ ಒಂದೇ ಆಗಿರಬೇಕಾದುದರಿಂದ, ಟೈರು ದಪ್ಪವಾದಷ್ಟೂ ಒಳಗಿನ ರಿಮ್ಮು ಸಣ್ಣದಾಗಬೇಕಷ್ಟೆ. ಹೀಗಾಗಿ ಟೈರು ಕೂರುವ ಸ್ಥಳದ ವ್ಯಾಸ 700 ಎ ಗೆ 642, 700 ಬಿ ಗೆ 635, 700 ಸಿ ಗೆ 622 ಮಿಲಿಮೀಟರು. ನಮ್ಮ ಕರಿಯ ಸೈಕಲ್ಲಿನ "ಇಪ್ಪತ್ತೆಂಟು, ಒಂದೂವರೆ" ಎಂಬುದೂ ಇದೇ 635. ಹೆಸರು ಇಂಗ್ಲಿಷಿನವರದು, ಅಳತೆ ಫ್ರಾನ್ಸಿನವರ 'ಬಿ' ಯದು. ಹೀಗಿರಲು, ಕೆಲವು ದೇಶಗಳಲ್ಲಿ 700 ಸಿ ಗಾಲಿಯನ್ನೂ "ಇಪ್ಪತ್ತೆಂಟು" ಎಂದೇ ಕರೆಯುವುದನ್ನು ಕೇಳಿ, ಕರಿಯ ಸೈಕಲ್ಲಿನ ಟೈರನ್ನು ಅದಕ್ಕೆ ತೊಡಿಸಹೊರಟವರು ಕೆಟ್ಟರು! ಆದುದರಿಂದ ಹೆಸರುಗಳನ್ನು ನಂಬದೆ, ಟೈರಿನ ಪಕ್ಕದಲ್ಲಿ ಉಬ್ಬಕ್ಷರಗಳಲ್ಲಿ '28-622' ಎಂಬಂತೆ ಇರುವ ಜೋಡಿ ಅಂಕಿಗಳನ್ನೇ ಓದಿಕೊಳ್ಳತಕ್ಕದ್ದು. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ.

700ರ ಕುಟುಂಬದಂತೆಯೇ 650ರದೂ ಒಂದುಂಟು. ಅದರಲ್ಲಿ 650 ಬಿ ಎಂಬುದರ ರಿಮ್ಮು 584 ಮಿಲಿಮೀಟರು. ಮೋಜಿಗಾಗಿ ದೂರ ಪ್ರಯಾಣ ಮಾಡುತ್ತಿದ್ದ ಫ್ರಾನ್ಸಿನ ಸೈಕಲ್ಲಿಗರಿಗೆ ಇದು ಬಹಳ ಪ್ರಿಯವಾಗಿದ್ದ ಗಾಲಿ. ಸೇಂತ್-ಎತಿಯೆನ್ ಪಟ್ಟಣದಲ್ಲಿದ್ದು, 1887ರಲ್ಲಿ ಸೈಕಲ್ಲಿಗರ ಪತ್ರಿಕೆಯೊಂದನ್ನು ಆರಂಭಿಸಿ, 'ವೆಲೊಸಿಯೊ' ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ ಎಂಬವರು (1853-1930) ಗೇರುಗಳ ಪರವಾಗಿಯೂ ಅಗಲವಾದ ಟೈರುಗಳ ಪರವಾಗಿಯೂ ಜೀವಮಾನವೆಲ್ಲ ವಾದಿಸಿದರು. ಮುಂದೆ ತೆಳುವಾದ ಟೈರಿನ ಪಂದ್ಯದ ಸೈಕಲ್ಲುಗಳ ವ್ಯಾಮೋಹ ಹೆಚ್ಚಿ, 650 ಬಿ ಬಹುಮಟ್ಟಿಗೆ ಮರೆತೇಹೋಗಿದ್ದಿತು. 2000ರ ಈಚೆಗೆ ಅದು ಮರಳಿ ಬಂದಿದೆ. ಗುಡ್ಡಗಾಡಿನ ಸೈಕಲ್ಲುಗಳಲ್ಲಿ 'ಇಪ್ಪತ್ತೇಳೂವರೆ' ಎಂಬ ಹೊಸ ಹೆಸರಿನಿಂದ ಮಾರುವುದೂ ಇದೇ 584.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ಹುಡುಗನ ಹಳೆಯ ಗಾಲಿಯ ಹೊರವ್ಯಾಸ 622ಕ್ಕೆ ಎರಡು ಇಪ್ಪತ್ತೆಂಟುಗಳನ್ನು ಕೂಡಿದರೆ 678. ಅದೇ ರಿಮ್ಮಿಗೆ 42ರ ಟೈರನ್ನು ತೊಡಿಸಿದರೆ 706 ಆಗುವುದು. ಅಂದರೆ ಗಾಲಿಯ ಅಂಚು 14 ಮಿಲಿಮೀಟರು ಹೊರಕ್ಕೆ ಚಾಚಿ, ಸೀಟಿನ ಕೊಳವೆಯ ಹಿಂದೆ ಇರುವ ಅಡ್ಡಪಟ್ಟಿಗೆ ತಾಕುವುದು. ಅದರ ಬದಲು 584ರ ರಿಮ್ಮಿಗೆ 47ರ ಟೈರನ್ನು ಹಾಕಿದರೆ? 584ಕ್ಕೆ 94 ಕೂಡಿಸಿದರೆ ಮತ್ತೆ 678! ಗಾಲಿಯ ಎತ್ತರ ಕೂದಲೆಳೆಯಷ್ಟೂ ಬದಲಾಗದೆ, ಗಾಳಿಯ ದಿಂಬು ಮಾತ್ರ ದಪ್ಪವಾಗುವುದು. ಕಾಗದದ ಮೇಲೆ ಈ ಲೆಕ್ಕ ಬಂದಾಗ ನಮಗೆ ಆದ ಸಂತೋಷವನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಆ ಸಂತೋಷವೇ ನಮ್ಮನ್ನು ದಾರಿ ತಪ್ಪಿಸಿತು.

ಹಿಂದಿನ ಕಾಲದ, ರಿಮ್ಮನ್ನು ಹಿಡಿಯುವ ಬ್ರೇಕುಗಳಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ. ರಿಮ್ಮು 19 ಮಿಲಿಮೀಟರು ಒಳಕ್ಕೆ ಸರಿದೊಡನೆ ಬ್ರೇಕಿನ ರಬ್ಬರುಗಳು ಅದನ್ನು ಬಿಟ್ಟು ಟೈರನ್ನೋ ಬರಿಗಾಳಿಯನ್ನೋ ಹಿಡಿಯುತ್ತಿದ್ದುವು. ಡಿಸ್ಕ್ ಬ್ರೇಕು ಹಿಡಿಯುವುದು ಹಬ್ಬಿಗೆ ಬಿಗಿದ ತಟ್ಟೆಯನ್ನು. ರಿಮ್ಮು ಎಷ್ಟು ದೊಡ್ಡದೆಂಬುದು ಅದಕ್ಕೆ ಬೇಕಿಲ್ಲ. ಹೀಗೆ ಬ್ರೇಕಿನ ಆಳ್ವಿಕೆ ಹೋಗಿ, ಟೈರಿನ ಎರಡು ಪಕ್ಕದ ಕೊಳವೆಗಳ ಆಳ್ವಿಕೆ ಬಂದಿದೆ. ಪೆಡಲುಗಳ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿನವರೆಗೆ ಕವೆಯಂತೆ ಹೋಗುವ ಆ ಎರಡು ಕೊಳವೆಗಳ ನಡುವೆ ಎಷ್ಟು ಜಾಗವಿದೆಯೆಂಬುದೇ ಈಗ ಮುಖ್ಯವಾದ ಪ್ರಶ್ನೆ.

ನಾವು ಹಳೆಯ ಟೈರಿನ ಪಕ್ಕದಲ್ಲಿಯೇ ಅಳೆದೆವು. 55 ಮಿಲಿಮೀಟರು ಸಿಕ್ಕಿತು. 47ರ ಟೈರಿಗೆ ಎರಡು ಕಡೆಯೂ ನಾಲ್ಕು ನಾಲ್ಕು ಉಳಿಯುವುದು. ಕವೆಯು ಹಿಂದಕ್ಕೆ ಹೋದಂತೆ ಅಗಲವಾಗುವುದರಿಂದ ಸಣ್ಣ ಗಾಲಿಗೆ ಇನ್ನೂ ಹೆಚ್ಚೇ ಉಳಿದೀತೆಂದು ಧೈರ್ಯಮಾಡಿ ರಿಮ್ಮುಗಳನ್ನೂ ಟೈರುಗಳನ್ನೂ ತರಿಸಿದೆವು. ಹಳೆಯ ಹಬ್ಬುಗಳನ್ನೇ ಉಳಿಸಿಕೊಂಡು, ಗಿಡ್ಡನೆಯ ಹೊಸ ಕಡ್ಡಿಗಳಿಂದ ಗಾಲಿಗಳನ್ನು ಕಟ್ಟಿಸಿದ್ದಾಯಿತು. ಟೈರನ್ನು ತೊಡಿಸಿ ಗಾಳಿ ತುಂಬಿ ಅಳೆದರೆ, 47 ಎಂದು ಅಚ್ಚಾಗಿದ್ದುದು ಅಗಲವಾದ ಆ ರಿಮ್ಮಿನ ಮೇಲೆ 49 ಆಗಿ ಕುಳಿತಿದ್ದಿತು. ಇರಲಿ, ಇನ್ನೂ ಮೂರು ಮೂರು ಉಂಟೆಂದುಕೊಂಡೆವು. ಗಾಲಿ ಕೈಯಲ್ಲಿ ತಿರುಗಿಸಿದಾಗ ನಿರಾತಂಕವಾಗಿ ತಿರುಗಿತು. ಹುಡುಗನ ಕೈ ಇನ್ನೂ ಪೂರ್ತಿ ಬಲವಾಗಿರಲಿಲ್ಲವಾಗಿ ನಾವೇ ಮೊದಲು ಹತ್ತಿದೆವು. ಮನೆಯ ಮುಂದಿನ ಏರಿನಲ್ಲಿ ಎದ್ದುನಿಂತು ತುಳಿದಾಗ ಹಿಂದಿನಿಂದ ಬಟ್ಟೆ ಹರಿಯುವಂತಹ ಸದ್ದು ಕೇಳಿಸಿತು. ಇಳಿದು ನೋಡಿದರೆ, ಎಡಗಡೆಯ ಕೊಳವೆಯ ಒಳಮೈಯಲ್ಲಿ ಬೆರಳಗಲ ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗನ ತಾಯಿ, "ನಿಮ್ಮ ಲೆಕ್ಕವೆಲ್ಲ ಸರಿ ಭಾವನವರೆ. ಇದರ ಮೇಲೆ ಅವನನ್ನು ಮತ್ತೆ ಹತ್ತಿಸುತ್ತೀರಾ?" ಎಂದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ತಪ್ಪಾದುದು ಎಲ್ಲಿ? ಅಳೆಯಬೇಕಾದ ಸ್ಥಳದಲ್ಲಿ ಅಳೆಯದಿದ್ದುದೇ ತಪ್ಪು. ಟೈರು ಅತ್ಯಂತ ಅಗಲವಾಗಿರುವ ಭಾಗ ಹಳೆಯ ಗಾಲಿಯಲ್ಲಿ ಅಚ್ಚಿನಿಂದ ಸುಮಾರು 325 ಮಿಲಿಮೀಟರು ದೂರದಲ್ಲಿದ್ದರೆ, ಸಣ್ಣ ಗಾಲಿಯಲ್ಲಿ ಸುಮಾರು 315ಕ್ಕೆ ಬರುವುದು. ಕವೆ ಹಿಂದಕ್ಕೆ ಅಗಲವಾಗುವುದು ನಿಜವೇ. ಆದರೆ ಈ ಚೌಕಟ್ಟನ್ನು ಮಾಡಿದವರು ಹಳೆಯ ಟೈರಿಗೆ ಎಡೆಗೊಡುವುದಕ್ಕಾಗಿ ಕೊಳವೆಗಳನ್ನು ಆ ಒಂದು ಜಾಗದಲ್ಲಿ ಮಾತ್ರ ಒತ್ತಿ ತಗ್ಗು ಮಾಡಿದ್ದರು. ನಾವು ಅಳೆದುದು ಆ ತಗ್ಗಿನಲ್ಲಿ. ಒಂದು ಸೆಂಟಿಮೀಟರು ಹಿಂದೆ ತಗ್ಗು ಮುಗಿದು ಕೊಳವೆ ಮತ್ತೆ ಉಬ್ಬಿದ್ದಿತು. ಅಲ್ಲಿ ಇದ್ದುದು 52 ಮಾತ್ರ. ಉಳಿದ ಒಂದೂವರೆ ಮಿಲಿಮೀಟರನ್ನು, ತುಳಿಯುವಾಗ ಗಾಲಿಯೂ ಚೌಕಟ್ಟೂ ಬಾಗುವ ಬಾಗೇ ನುಂಗಿಹಾಕಿತು.

ಈ ಉಜ್ಜುವಿಕೆಯನ್ನು ಅಲ್ಪವೆಂದು ಎಣಿಸಕೂಡದು. ಟೈರಿಗೆ ಅಂಟಿದ ಮರಳು ಅರದಂತೆ ಕೆಲಸಮಾಡಿ, ತೆಳುವಾದ ಅಲ್ಯುಮಿನಿಯಮ್ಮಿನ ಕೊಳವೆಯನ್ನು ದಿನದಿನಕ್ಕೂ ಸವೆಸುವುದು. ಒಂದು ಹರಳು ಸಿಕ್ಕಿಕೊಂಡರೆ ಗಾಲಿಯೇ ತಡೆದು ನಿಲ್ಲಬಹುದು. ಒಬ್ಬ ಕೆಲಸಗಾರನು, "ಎರಡು ಏಟು ಕೊಟ್ಟರೆ ಜಾಗವಾಗುತ್ತೆ, ಸ್ವಾಮಿ" ಎಂದನು. ಕರಿಯ ಸೈಕಲ್ಲಿನ ಉಕ್ಕಿಗೆ ಆ ಉಪಚಾರ ನಡೆಯುತ್ತಿದ್ದಿತೇನೋ! ಅಲ್ಯುಮಿನಿಯಮ್ಮು ಅಂತಹ ಏಟಿಗೆ ಬಿರುಕುಬಿಡಬಹುದು. ಕಾರ್ಬನ್ನಿನ ಚೌಕಟ್ಟಾದರೆ ಮಾತೇ ಬೇಡ. ಚೌಕಟ್ಟಿಗೆ ತಕ್ಕ ಟೈರನ್ನು ತರಬೇಕೇ ಹೊರತು, ಟೈರಿಗಾಗಿ ಚೌಕಟ್ಟನ್ನು ಬಡಿಯಬಾರದು.

ಎರಡನೆಯ ಸಲ ಕೆಲಸ ಅಡಿಗೆಮನೆಯ ಮೇಜಿನ ಮೇಲೆ ನಡೆಯಿತು. ನಮ್ಮ ಮನೆಯವರು ಹೊಲಿಗೆಯ ಕತ್ತರಿಯಿಂದ ದಪ್ಪ ರಟ್ಟನ್ನು 43 ಮಿಲಿಮೀಟರು ಅಗಲಕ್ಕೆ, ತುದಿ ದುಂಡಗೆ ಬರುವಂತೆ, ಟೈರಿನ ಆಕಾರದಲ್ಲಿ ಕತ್ತರಿಸಿಕೊಟ್ಟರು. ಗಾಲಿಯನ್ನು ತೆಗೆದು, ಅಚ್ಚಿನಿಂದ ಸರಿಯಾದ ದೂರಕ್ಕೆ ಕೊಳವೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ಆ ರಟ್ಟನ್ನು ಹಿಡಿದು ನೋಡಿದೆವು. ಎರಡು ಕಡೆಯೂ ನಾಲ್ಕೂವರೆ ಮಿಲಿಮೀಟರು ಕಂಡಿತು. ಮುಂದಿನ ಕವೆಯಲ್ಲಿ ಜಾಗ ಧಾರಾಳವಾಗಿದ್ದಿತು. ಆ ಮೇಲೆಯೇ 42ರ ಟೈರುಗಳನ್ನು ತರಿಸಿದ್ದು. ಅವು ರಿಮ್ಮಿನ ಮೇಲೆ ಕುಳಿತಾಗ 43 ಆದುವು. ಎಷ್ಟು ಎಡೆ ಸಾಕೆಂದು ಕೇಳುವವರಿಗೆ, ಪ್ರತಿ ಪಕ್ಕದಲ್ಲಿಯೂ ನಾಲ್ಕಕ್ಕಿಂತ ಕಡಿಮೆಯಾದರೆ ಒಪ್ಪಬೇಡಿರೆಂದೂ, ಕೆಸರಿನ ದಾರಿಯಾದರೆ ಆರು ಇರಲೆಂದೂ ನಮ್ಮ ಸಲಹೆ.

42ರ ಟೈರಿನಿಂದ ಹೊರವ್ಯಾಸ 678ರಿಂದ 668ಕ್ಕೆ ಇಳಿಯಿತು. ಸೈಕಲ್ಲು ನೆಲಕ್ಕೆ 5 ಮಿಲಿಮೀಟರು ಹತ್ತಿರವಾಯಿತು. 678ರ ಗಾಲಿಯಲ್ಲಿ ಪೆಡಲುಗಳ ಅಚ್ಚು ನೆಲದಿಂದ 269 ಮಿಲಿಮೀಟರು ಇದ್ದುದು 264 ಆಯಿತು. ತಿರುವಿನಲ್ಲಿ ಓರೆಯಾದಾಗ ಪೆಡಲು ನೆಲಕ್ಕೆ ತಾಕುವ ಸಂಭವ ಅಷ್ಟರಮಟ್ಟಿಗೆ ಹೆಚ್ಚುವುದು. ಒಳಗಡೆಯ ಪೆಡಲನ್ನು ಮೇಲಕ್ಕೆತ್ತಿ ತಿರುಗುವ ಅಭ್ಯಾಸವಿರುವವರಿಗೆ ಐದು ಮಿಲಿಮೀಟರಿನಿಂದ ತೊಂದರೆಯಿಲ್ಲ. ಇದಕ್ಕಿಂತ ಬಹಳ ತೆಳುವಾದ ಟೈರನ್ನು ಸಣ್ಣ ರಿಮ್ಮಿಗೆ ಹಾಕುವುದು ಮಾತ್ರ ಅವಿವೇಕ. ಗೇರುಗಳು ನೂರಕ್ಕೆ ಒಂದೂವರೆಯಷ್ಟು ಹಗುರವಾಗುವುವು. ಕಾಲಿಗೆ ಅದು ತಿಳಿಯುವುದೇ ಇಲ್ಲ.

ಗಾಲಿ ಕಟ್ಟಿಸುವವರು ಗಮನಿಸಬೇಕಾದ ಎರಡು ಮಾತುಗಳುಂಟು. ಡಿಸ್ಕ್ ಬ್ರೇಕಿನಲ್ಲಿ ತಡೆಯುವ ಬಲವೆಲ್ಲ ಹಬ್ಬಿನಿಂದ ಕಡ್ಡಿಗಳ ಮೂಲಕವೇ ರಿಮ್ಮಿಗೆ ಹೋಗಬೇಕು. ಆದುದರಿಂದ ಕಡ್ಡಿಗಳನ್ನು ಒಂದನ್ನೊಂದು ದಾಟಿಸಿ ಕಟ್ಟಿಸಬೇಕು. ಸೂರ್ಯನ ಕಿರಣಗಳಂತೆ ನೇರವಾಗಿ ಕಟ್ಟಿದ ಗಾಲಿ ಇದಕ್ಕೆ ಒಗ್ಗದು. ಸಿದ್ಧವಾದ ಗಾಲಿಗಳನ್ನೇ ಕೊಳ್ಳುವುದಾದರೆ ಅಚ್ಚಿನ ದಪ್ಪ, ಹಬ್ಬಿನ ಅಗಲ, ತಟ್ಟೆಯನ್ನು ಬಿಗಿಯುವ ಬಗೆ ಈ ಮೂರೂ ಹಳೆಯದರಂತೆಯೇ ಇರಬೇಕು; ಇದ್ದರೂ ತಟ್ಟೆಯು ಒಂದಿಷ್ಟು ಅತ್ತಿತ್ತ ಸರಿದಿರಬಹುದಾದುದರಿಂದ ಬ್ರೇಕನ್ನು ಸಡಿಲಿಸಿ ಮತ್ತೆ ನಡುವಿಗೆ ಕೂರಿಸಬೇಕಾಗುವುದು. ತಟ್ಟೆಯನ್ನು ಬರಿಗೈಯಿಂದ ಮುಟ್ಟಬಾರದು. ಚೈನಿಗೆ ಎಣ್ಣೆ ಬಿಡುವ ಉತ್ಸಾಹದಲ್ಲಿ ಮನೆಯ ಮಕ್ಕಳು ಅದಕ್ಕೂ ನಾಲ್ಕು ತೊಟ್ಟು ಬಿಟ್ಟರೆ ಬ್ರೇಕು ಹಿಡಿಯುವುದೇ ಇಲ್ಲ.

ಇಷ್ಟೆಲ್ಲ ಮಾಡಿ ದೊರೆತ ಲಾಭವೇನೆಂದರೆ, ಗಾಳಿ. 28ರ ಟೈರಿಗಿಂತ 42ರ ಟೈರಿನೊಳಗೆ ಸುಮಾರು ಎರಡೂಕಾಲು ಪಾಲು ಗಾಳಿ ಹಿಡಿಯುವುದು. ಆದುದರಿಂದ ಮೊದಲಿನ ಒತ್ತಡದ ಅರ್ಧದಷ್ಟೇ ಸಾಕಾಗುವುದು. ಕಲ್ಲಿನ ಮೇಲೆ ಹರಿದಾಗ ಟೈರೇ ತಗ್ಗಿ ಕಲ್ಲನ್ನು ನುಂಗಿಕೊಳ್ಳುವುದು. ಏಟು ಮಣಿಕಟ್ಟಿನವರೆಗೆ ಬರುವುದಿಲ್ಲ. ಹಳೆಯ ಅಭ್ಯಾಸದಿಂದ ಕಲ್ಲಿನಂತೆ ಗಾಳಿ ತುಂಬಿದರೆ ಖರ್ಚುಮಾಡಿದ ಹಣವೆಲ್ಲ ವ್ಯರ್ಥ. ಹೊಂಡಗಳಿಗೆ ಇದು ಪರಿಹಾರವೆಂದು ನಾವು ಹೇಳುವುದಿಲ್ಲ. ಕಾಣದ ಕುಳಿ ಎಲ್ಲ ಗಾಲಿಗೂ ಕುಳಿಯೇ.

ಹುಡುಗನು ಮೊದಲ ಎರಡು ವಾರ ಬೆಳಗಿನ ಹೊತ್ತು ಬಡಾವಣೆಯೊಳಗೇ ಸುತ್ತಿದನು. ಆ ಮೇಲೆ ಒಂದು ಸೋಮವಾರ ತಾಯಿಗೆ ಹೇಳಿಯೇ ಕಚೇರಿಗೆ ಹೊರಟನು. ಅವರು ಬೇಡವೆನ್ನಲಿಲ್ಲ; ಮಳೆಯ ಮೋಡ ಕಂಡರೆ ಮಾತ್ರ ಬಸ್ಸಿಗೆ ಹೋಗಬೇಕೆಂಬ ಕರಾರನ್ನು ಹಾಕಿದರು. ಕೈ ನೋವು ಸಂಜೆಗೆ ಸ್ವಲ್ಪ ಕಾಣಿಸಿಕೊಳ್ಳುವುದಂತೆ, ಮೊದಲಿನಷ್ಟಿಲ್ಲವಂತೆ. ಬಣ್ಣ ಕಿತ್ತ ಜಾಗಕ್ಕೆ ಅವನ ತಂಗಿ ತನ್ನ ಉಗುರುಬಣ್ಣವನ್ನು ಬಳಿದಿದ್ದಾಳೆ. ನಾವು ಅವಸರಪಟ್ಟು ತರಿಸಿದ 47ರ ಟೈರುಗಳು ಅಟ್ಟದ ಮೇಲಿವೆ. ತಮ್ಮ ಸೈಕಲ್ಲಿಗೂ ಇಂತಹ ಮಾರ್ಪಾಟು ಆದೀತೇ ಎಂದು ಕೇಳಬಯಸುವ ವಾಚಕರು ಟೈರಿನ ಮೇಲಿನ ಜೋಡಿ ಅಂಕಿಗಳನ್ನೂ, ಅಚ್ಚಿನಿಂದ 315 ಮಿಲಿಮೀಟರು ದೂರದಲ್ಲಿ ಕೊಳವೆಗಳ ನಡುವಿನ ಅಳತೆಯನ್ನೂ ಬರೆದು ಕಳುಹಿಸಿದರೆ ಉತ್ತರಿಸಲು ಅನುಕೂಲವಾಗುವುದು.