ಹತ್ತು ರೂಪಾಯಿಯ ರೋಧಕ, ಲಕ್ಷ ರೂಪಾಯಿಯ ಇಂಜಿನ್



ನಮ್ಮ ಪಸ್ತಾಪುರದ ಪಕ್ಕದ ಜಹೀರಾಬಾದಿನ ಮೇಲೆ ಹಾದುಹೋಗುವ ಹೈದರಾಬಾದ್-ಪುಣೆ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ನಮ್ಮ ಕೈಯಲ್ಲಿ ಕಲಿತ ಎಷ್ಟೋ ಹುಡುಗರು ಇಂದು ಅಲ್ಲೇ ಕ್ಲೀನರ್, ಡ್ರೈವರ್, ಮೆಕ್ಯಾನಿಕ್. ಮೊನ್ನೆ ಅವರಲ್ಲೊಬ್ಬ ಸಿಕ್ಕು ಕೇಳಿದ: "ಸರ್, ಹತ್ತು ರೂಪಾಯಿದ ರೆಸಿಸ್ಟರ್ ಸೆನ್ಸರ್ ವೈರಿಗೆ ಹಾಕಿದ್ರ ಲಾರಿಗೆ ಪಿಕಪ್ ಬರ್ತದಂತ್ರಿ. ಖರೇ ಏನ್ರಿ?"

ನಾವು ಓದಿದ್ದು ಟಿಸಿಎಚ್, ಬಿಎ. ಆದರೂ ಇದು ಹತ್ತನೇ ತರಗತಿ ಪುಸ್ತಕದ ರೋಧಕವೇ ಅಲ್ಲವೇ!

ಈಗಿನ ಡೀಸೆಲ್ ಇಂಜಿನ್‌ಗೆ ಎಷ್ಟು ಡೀಸೆಲ್, ಯಾವಾಗ ಎಂದು ಹೇಳುವುದು ಕಂಪ್ಯೂಟರ್. ಒಳಗೆ ಹೋಗುವ ಗಾಳಿಯ ಬಿಸಿ ಅಳೆಯಲು ಅದಕ್ಕೊಂದು ಸೆನ್ಸರ್ ಇದೆ. ಗಾಳಿ ತಣ್ಣಗಾದಷ್ಟೂ ಆ ಸೆನ್ಸರಿನ ರೋಧ ಹೆಚ್ಚು. ಅದರ ಸಾಲಿನಲ್ಲಿ ಇನ್ನೊಂದು ರೋಧಕ ಸೇರಿಸಿದರೆ, ನಮ್ಮ ಏಪ್ರಿಲ್ ಬಿಸಿಲಲ್ಲೂ ಕಂಪ್ಯೂಟರ್ "ಹೊರಗೆ ಚಳಿ ಇದೆ" ಎಂದೇ ನಂಬುತ್ತದೆ. ತಣ್ಣನೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚೆಂದು ಡೀಸೆಲ್ ಹೆಚ್ಚು ಬಿಡಬಹುದು. ಆದರೆ ನಿಜವಾದ ಗಾಳಿ ಅಷ್ಟೇ ಇದೆಯಲ್ಲ! ಉರಿಯದೆ ಉಳಿದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಇಂಜಿನ್, ಟರ್ಬೊ ಕಾಯುತ್ತವೆ. ಹಳೆಯ ಲಾರಿಗಳಲ್ಲಿ ಕಂಪ್ಯೂಟರೇ ಇಲ್ಲ, ಅಲ್ಲಿ ಈ ರೋಧಕ ಮೋಸಗೊಳಿಸುವುದು ಮಾಲೀಕನನ್ನು ಮಾತ್ರ.

ಅಂದರೆ ಈ ರೋಧಕ ಶಕ್ತಿ ಕೊಡುವುದಿಲ್ಲ, ಸುಳ್ಳು ಹೇಳುತ್ತದೆ. ಸುಳ್ಳಿನ ಬೆಲೆ ಕಟ್ಟುವವರು ಯಾರು? ಇಂಜಿನ್ ಕೆಟ್ಟರೆ ವಾರಂಟಿ ಸಿಗುವುದು ಕಷ್ಟ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ, ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆದರೆ ಮಾಲೀಕನ ಬೈಗುಳ ತಿನ್ನುವವನು, ಕೆಲಸ ಕಳೆದುಕೊಳ್ಳುವವನು ವೈರು ಜೋಡಿಸಿದ ನಮ್ಮ ಹುಡುಗ. ಹೊಗೆ ಕುಡಿಯುವವರು ರಸ್ತೆ ಬದಿ ನಡೆದು ಶಾಲೆಗೆ ಬರುವ ಅವನ ತಮ್ಮ ತಂಗಿಯರು.

"ಏರ್ ಫಿಲ್ಟರ್ ತೆಗೆದು ನೋಡು, ಟೈರಿನ ಗಾಳಿ ನೋಡು, ಓವರ್‌ಲೋಡ್ ಬ್ಯಾಡಂತ ಹೇಳು. ಪಿಕಪ್ ಅಲ್ಲೇ ಅದ" ಎಂದೆವು. ನಗುತ್ತಾ ಹೋದ. ಒಪ್ಪಿದನೋ ಇಲ್ಲವೋ!

ವಿಜ್ಞಾನ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿಸಿ ಬಿಡಬೇಡಿ. ಒಂದು ಥರ್ಮಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಣ್ಣೀರು, ಬಿಸಿನೀರಿನಲ್ಲಿ ಇಟ್ಟು ಮಲ್ಟಿಮೀಟರಿನಲ್ಲಿ ತೋರಿಸಿ. ನಮ್ಮ ಮಕ್ಕಳು ಕನ್ನಡದಲ್ಲೇ ಇದನ್ನು ಅರ್ಥ ಮಾಡಿಕೊಂಡರೆ ನಾಳೆ ಗ್ಯಾರೇಜಿನಲ್ಲಿ ಯಾರೂ ಅವರಿಗೆ ಟೋಪಿ ಹಾಕಲಾರರು. ನೀವೇನಂತೀರಿ?